ಮೇಣದ ಪಾಲು

ನಾಲ್ಕು ಮಿಲಿಮೀಟರು ಎಲ್ಲಿಗೆ ಹೋಯಿತು? ಇಲಿ ತಿಂದಿತು ಅನ್ನೋಣವೆಂದರೆ ಡಬ್ಬಿಯ ಮುಚ್ಚಳ ಬಿಗಿಯಾಗಿಯೇ ಇತ್ತು. ತನ್ನ ಕೈಯಲ್ಲೇ ತುಂಡಾಯಿತು ಅನ್ನೋಣವೆಂದರೆ ಆ ಕೋಣೆಯಲ್ಲಿ ಕತ್ತರಿ ಚಾಕು ಮುಟ್ಟುವ ಅಧಿಕಾರ ತನಗಿರಲಿಲ್ಲ. ಮೊನ್ನೆ ಒಳಗೆ ಹೋಗುವಾಗ ಇಪ್ಪತ್ತು ಇದ್ದದ್ದು ಇಂದು ಹೊರಗೆ ಬರುವಾಗ ಹದಿನಾರು. ಮುರ್ತುಜಾಸಾಬ ಹಿತ್ತಾಳೆಯ ಅಳತೆಪಟ್ಟಿಯನ್ನು ಅಂಗಿಗೆ ಒರೆಸಿ ಮತ್ತೆ ಅಳೆದ. ಹದಿನಾರು. ಪಟ್ಟಿಯನ್ನು ತಿರುಗಿಸಿ ಹಿಡಿದು ಅಳೆದ. ಪಟ್ಟಿಗೆ ದಾಕ್ಷಿಣ್ಯವೆಂಬುದೇ ಇರಲಿಲ್ಲ.

ಫೋಂಡಾ ಪೇಟೆಯಲ್ಲಿ ಒಂದು ಔಷಧದಂಗಡಿಯ ಮಾಳಿಗೆಯ ಮೇಲಿದ್ದ ಆ ಪ್ರಯೋಗಾಲಯದಲ್ಲಿ ಅವನು ಎರಡು ವರ್ಷದಿಂದ ಸಹಾಯಕನಾಗಿದ್ದ. ಸುತ್ತಲಿನ ಆಸ್ಪತ್ರೆಗಳಲ್ಲಿ ಜನರ ಮೈಯಿಂದ ಕತ್ತರಿಸಿ ತೆಗೆದ ತುಣುಕುಗಳು ಅಲ್ಲಿಗೆ ಬಾಟಲಿಗಳಲ್ಲಿ ಬರುತ್ತಿದ್ದವು. ಅವುಗಳನ್ನು ಈರುಳ್ಳಿಯ ಪೊರೆಗಿಂತ ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದಡಿ ಇಟ್ಟು, ಇದು ಇಂಥ ರೋಗ ಎಂದು ಪ್ರಯೋಗಾಲಯದ ಒಡತಿ ಡಾಕ್ಟರ್ ಬಾಯಿ ಹೇಳುತ್ತಿದ್ದರು. ಮೆತ್ತಗಿನ ಮಾಂಸ ಹಾಗೆ ಸೀಳಿಸಿಕೊಳ್ಳುವುದಿಲ್ಲ. ಅದರ ನೀರನ್ನು ಸ್ಪಿರಿಟ್ಟಿನಲ್ಲಿ ಹಂತಹಂತವಾಗಿ ಹೊರಡಿಸಿ, ಕರಗಿದ ಮೇಣ ಕುಡಿಸಿ, ಹಿತ್ತಾಳೆಯ ಅಚ್ಚಿನಲ್ಲಿ ಮೇಣದ ಜೊತೆಗೇ ಹೆಪ್ಪುಗಟ್ಟಿಸಬೇಕು. ಮುರ್ತುಜಾಸಾಬನ ಕೆಲಸ ಇಷ್ಟೇ: ಡಬ್ಬಿಯಿಂದ ಡಬ್ಬಿಗೆ ದಾಟಿಸುವುದು, ಮೇಣ ಆರದಂತೆ ನೋಡಿಕೊಳ್ಳುವುದು, ನಂಬರು ತಪ್ಪದಂತೆ ಚೀಟಿ ಇಡುವುದು.

ತೊಂಬತ್ತೊಂದರ ಮಳೆಗಾಲ ಮುಗಿಯುತ್ತಿದ್ದಂತೆ ಮುಂಬಯಿಯಿಂದ ಒಂದು ಹೊಸ ರಾಳ ಬಂತು. ಎರೆದರೆ ಗಾಜಿನಂತೆ ಗಟ್ಟಿಯಾಗುವ ದ್ರವ. ಮೇಣಕ್ಕಿಂತ ಇದು ಮೇಲೋ ಎಂದು ನೋಡಬೇಕಿತ್ತು. ಡಾಕ್ಟರ್ ಬಾಯಿ ಅವನ ಕೈಗೆ ಅಳತೆಪಟ್ಟಿಯನ್ನೂ ಒಂದು ದಪ್ಪ ವಹಿಯನ್ನೂ ಕೊಟ್ಟು, ಪ್ರತಿ ತುಣುಕನ್ನೂ ಹೋಗುವಾಗ ಒಮ್ಮೆ, ಬಂದ ಮೇಲೆ ಒಮ್ಮೆ ಅಳೆದು ಬರೆಯಲು ಹೇಳಿದರು. ಯಾಕೆ ಎಂದು ಅವರು ಹೇಳಲಿಲ್ಲ, ಇವನು ಕೇಳಲಿಲ್ಲ. ಆ ಮಾಳಿಗೆಯಲ್ಲಿ ಹೆಚ್ಚಿನ ಕೆಲಸಗಳು ಹೀಗೆಯೇ ಸಾಗುತ್ತಿದ್ದವು.

ಆದರೆ ಹೋದದ್ದು, ಬಂದದ್ದು ಎಂಬ ಎರಡು ಸಾಲು ಕಂಡ ಕೂಡಲೇ ಅವನಿಗೆ ವಿಷಯ ಅರ್ಥವಾಗಿಬಿಟ್ಟಿತು. ತಾಳಿಕೋಟೆಯ ಕಡೆಯಿಂದ ಬಂದವನು ಮೊದಲ ಆರು ವರ್ಷ ವಾಸ್ಕೋ ಬಂದರಿನಲ್ಲಿ ಹಮಾಲಿ ಮಾಡಿದ್ದ. ಹಡಗಿನಿಂದ ಇಳಿದ ಚೀಲ ಇಷ್ಟು, ಗೋದಾಮಿಗೆ ಸೇರಿದ ಚೀಲ ಇಷ್ಟು. ಎರಡೂ ಒಂದೇ ಇರಬೇಕು. ಇಲ್ಲದಿದ್ದರೆ ನಡುವೆ ಹೊತ್ತವನೇ ಕಳ್ಳ. ಈಗ ನಡುವೆ ಹೊತ್ತವನು ತಾನು. ಅದೂ ಜೋಳವಲ್ಲ, ಸಕ್ಕರೆಯಲ್ಲ, ಯಾರದೋ ಮೈಯ ಮಾಂಸ. ಅದರಲ್ಲಿ ಐದರಲ್ಲೊಂದು ಪಾಲು ಕಾಣೆಯಾಗಿದೆ ಎಂದರೆ ಯಾರ ಮುಂದೆ ಮುಖ ತೋರಿಸುವುದು?

ಅವನು ಇಪ್ಪತ್ತರ ಎದುರಿಗೆ ಇಪ್ಪತ್ತು ಎಂದು ಬರೆದ. ಮರುದಿನ ಹದಿನೈದು ಹೋಗಿ ಹನ್ನೆರಡು ಬಂತು. ಹದಿನೈದು ಎಂದು ಬರೆದ. ರಾಳದ ತುಣುಕುಗಳು ಮಾತ್ರ ಹೋದಷ್ಟೇ ಬರುತ್ತಿದ್ದವು, ಅವಕ್ಕೆ ಅವನು ಏನೂ ಸೇರಿಸಬೇಕಾಗಲಿಲ್ಲ. ಹನ್ನೊಂದು ದಿನ ಹೀಗೆ ನಡೆಯಿತು. ಇಷ್ಟು ಪ್ರಾಮಾಣಿಕತೆಯಿಂದ ಸುಳ್ಳು ಬರೆದವರು ಫೋಂಡಾ ತಾಲೂಕಿನಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ.

ಹನ್ನೆರಡನೆಯ ದಿನ ಡಾಕ್ಟರ್ ಬಾಯಿ ವಹಿ ತೆರೆದು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಇಲ್ಲಿಯ ಮೇಣ ಒಂದು ಕೂದಲಷ್ಟೂ ಕುಗ್ಗಿಸಿಲ್ಲ, ಜಗತ್ತಿನಲ್ಲಿ ಎಲ್ಲಿಯೂ ಹೀಗಾಗಿಲ್ಲ, ಮುಂಬಯಿಯ ರಾಳವನ್ನು ತಿರುಗಿ ಕಳಿಸಿಬಿಡೋಣವೇ ಎಂದು ಮೆಲ್ಲಗೆ ಕೊಂಕಣಿಯಲ್ಲಿ ಕೇಳಿದರು. ಆಮೇಲೆ ತಾವೇ ಒಂದು ಮೇಣದ ತುಣುಕನ್ನು ಅಳೆದರು. ವಹಿಯಲ್ಲಿದ್ದದ್ದಕ್ಕಿಂತ ಕಡಿಮೆ ಬಂತು. ಮುರ್ತುಜಾಸಾಬ ತನ್ನ ಚಪ್ಪಲಿಯ ಉಂಗುಟವನ್ನು ನೋಡುತ್ತ, ತಾನು ಏನೂ ಕದ್ದಿಲ್ಲವೆಂದು ಹೇಳಿದ.

ಅವರು ಬೈಯಲಿಲ್ಲ. ಬಿರಿಂಡ ಎನ್ನುವ ಹುಳಿಹಣ್ಣಿನ ಸಿಪ್ಪೆ ಬಿಸಿಲಿಗೆ ಇಟ್ಟರೆ ಏನಾಗುತ್ತದೆ ಎಂದು ಕೇಳಿದರು. ಮುರುಟುತ್ತದೆ ಎಂದ. ಯಾರು ಕದ್ದರು ಎಂದು ಕೇಳಿದರು. ಯಾರೂ ಇಲ್ಲ ಎಂದ. ನೀರು ಹೋದರೆ ಮಾಂಸವೂ ಅಷ್ಟೆ, ಮೇಣದಲ್ಲಿ ಐದರಲ್ಲೊಂದು ಪಾಲು ಕುಗ್ಗುತ್ತದೆ, ರಾಳದಲ್ಲಿ ಹೆಚ್ಚೇನೂ ಇಲ್ಲ, ಎಷ್ಟು ಕುಗ್ಗಿತು ಅನ್ನುವುದೇ ತಮಗೆ ಬೇಕಾದದ್ದು ಎಂದು ತಿಳಿಹೇಳಿ, ಹನ್ನೊಂದು ದಿನದ ಹಾಳೆಗಳನ್ನು ಅವನ ಕೈಯಿಂದಲೇ ಹೊಡೆದು ಹಾಕಿಸಿದರು.

ಕಳ್ಳತನದ ಆರೋಪದಿಂದ ಬಿಡುಗಡೆಯಾದವನ ಸಂತೋಷ ದೊಡ್ಡದು, ಆ ಆರೋಪ ತಾನೇ ತನ್ನ ಮೇಲೆ ಹೊರಿಸಿಕೊಂಡದ್ದಾದರೆ ಇನ್ನೂ ದೊಡ್ಡದು. ಸಂಜೆ ಅವನು ಬಿಳಿ ಕೋಟು ಕಳಚದೆ ಬಸ್ಸು ಹತ್ತಿ ಕುಂಡಯಿಗೆ ಬಂದ. ಕೈಗಾರಿಕಾ ವಸಾಹತಿನ ಹಿಂದೆ, ಒಂದೇ ತಗಡಿನ ಮಾಡಿನಡಿ ಸಾಲಾಗಿದ್ದ ಹನ್ನೆರಡು ಬಾಡಿಗೆ ಕೋಣೆಗಳಲ್ಲಿ ಅವನದು ಕೊನೆಯದು. ಆ ಕೋಟು ನಿತ್ಯ ಮನೆಗೆ ಬರಬೇಕಾದ ಅಗತ್ಯವೇನೂ ಇರಲಿಲ್ಲ. ಅದರ ವಾಸನೆಗೆ ಹೆಂಡತಿ ದಸ್ತಗೀರಬಿ ಅದನ್ನು ಒಳಗೆ ಬಿಟ್ಟುಕೊಳ್ಳದೆ ಹೊರಗಿನ ಹಗ್ಗಕ್ಕೇ ಹಾಕಿಸುತ್ತಿದ್ದಳು. ಆದರೆ ನಳದ ಬಳಿ ನಿಂತವರು ಆ ಕೋಟು ಕಂಡು 'ಡಾಕ್ಟರಸಾಬ್ರು ಬಂದ್ರು' ಎಂದು ಕೊಡ ಸರಿಸಿ ದಾರಿ ಬಿಡುತ್ತಿದ್ದರು. ತಾನು ಡಾಕ್ಟರನೆಂದು ಅವನು ಯಾರಿಗೂ ಹೇಳಿರಲಿಲ್ಲ. ಅಲ್ಲವೆಂದೂ ಹೇಳಿರಲಿಲ್ಲ.

ಅಂದು ಅದೇ ನಳದ ಬಳಿ ಅವನು ಮೇಣದ ಮಹಿಮೆ ಹೇಳಿದ. ಯಾವ ಗಂಟಿನ ತುಣುಕೇ ಇರಲಿ, ತಮ್ಮ ಮೇಣದಲ್ಲಿ ಐದರಲ್ಲೊಂದು ಪಾಲು ಇಳಿದೇ ಇಳಿಯುತ್ತದೆ, ರಾಳ ಬಂದಿದೆ, ಆದರೆ ಅದಕ್ಕೆ ಆ ತಾಕತ್ತಿಲ್ಲ ಎಂದ. ಕೇಳಿದವರು ತಲೆಯಾಡಿಸಿದರು. ಮೂಲೆಯ ಕೋಣೆಯ ಯಾಕೂಬ ಮಾತ್ರ, ಮಾಂಸವೇ ಆಗಬೇಕೋ, ಅತ್ತೆಯ ಫೋಟೊ ಹಾಕಿದರೂ ನಡೆದೀತೋ ಎಂದು ವಿಚಾರಿಸಿದ.

ಮಾತು ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಮುರ್ತುಜಾಸಾಬನ ಪಕ್ಕದ ಕೋಣೆಯಲ್ಲಿ ಹೊಳೆಪ್ಪನ ಹೆಂಡತಿ ಶಿವವ್ವ ಇದ್ದಳು. ಹೊಳೆಪ್ಪ ವಸಾಹತಿನ ಕಾರ್ಖಾನೆಯೊಂದರಲ್ಲಿ ಹೆಲ್ಪರು, ಶಿವವ್ವ ಗೋಡಂಬಿ ಸಿಪ್ಪೆ ಬಿಡಿಸುವ ಕೆಲಸಕ್ಕೆ ಹೋಗುವವಳು. ಅವಳ ಎಡ ರಟ್ಟೆಯಲ್ಲಿ ಒಂದು ವರ್ಷದಿಂದ ನಿಂಬೆಹಣ್ಣಿನಷ್ಟು ಗಂಟು ಬೆಳೆದಿತ್ತು. ಆ ವಾರವಷ್ಟೇ ಆಸ್ಪತ್ರೆಯಲ್ಲಿ ಅದರದೊಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರು. ಚೂರಿನ ವರದಿ ನೋಡಿ ಇಡೀ ಗಂಟು ತೆಗೆಯುವುದು ಆಮೇಲಿನ ಮಾತು. ತೆಗೆದರೆ ಕೈ ಮೊದಲಿನ ಹಾಗೆ ಆಡುತ್ತದೋ ಇಲ್ಲವೋ ಎಂಬುದೇ ಅವಳ ಹೆದರಿಕೆ. ಹತ್ತು ಬೆರಳಿನ ಕೆಲಸ ಅವಳದು.

ನಳದಲ್ಲಿ ಕೇಳಿದ್ದನ್ನೂ ಶಿವವ್ವನ ರಟ್ಟೆಯನ್ನೂ ಒಂದುಗೂಡಿಸಿದವಳು ಮಂಗಿಬಾಯಿ. ಲಂಬಾಣಿ ತಾಂಡೆಯಿಂದ ಬಂದು ಕಟ್ಟಡದ ಕೆಲಸ ಮಾಡುವ ಆಕೆಗೆ ಆ ಸಾಲಿನಲ್ಲಿ ಹೆರಿಗೆ, ದೃಷ್ಟಿ, ಜಗಳ ಮೂರೂ ಖಾತೆಗಳು ಸೇರಿದ್ದವು.

"ಕೂಸಿನ ಹೊಕ್ಕಳ ಹುರಿ ಎಲ್ಲಿ ಹುಗದಿರ್ತಾರೋ ಕೂಸಿನ ಮನಸು ಅಲ್ಲೇ ಎಳಿತಿರ್ತೈತಿ," ಎಂದಳು ಆಕೆ. "ತುಣುಕಿಗೆ ಆದದ್ದು ಮೈಗೆ ಆಗದ ಬಿಡ್ತೈತೇನ? ಅಲ್ಲಿ ಅದು ಸಣ್ಣದಾದ್ರ ಇಲ್ಲಿ ಇದು ಸಣ್ಣದಾಗಬೇಕು."

ಈ ತರ್ಕದಲ್ಲಿ ತಪ್ಪು ಹುಡುಕುವುದು ಸುಲಭವಲ್ಲ. ಆ ಸಾಲಿನಲ್ಲಿ ಹುಟ್ಟಿದ ಮಕ್ಕಳ ಹುರಿಗಳನ್ನೆಲ್ಲ ಗೋವೆಯ ನೆಲದಲ್ಲಿ ಹುಗಿದಿದ್ದರು, ಮಕ್ಕಳಿಗೆ ಊರಿಗೆ ಹೋಗಲು ಮನಸ್ಸೇ ಬರುತ್ತಿರಲಿಲ್ಲ. ಇದಕ್ಕಿಂತ ಹೆಚ್ಚಿನ ಸಾಕ್ಷಿ ಯಾರಿಗೆ ಬೇಕು? ಹೊಳೆಪ್ಪ ಅದೇ ಸಂಜೆ ಮುರ್ತುಜಾಸಾಬನ ಬಾಗಿಲಿಗೆ ಬಂದು, ಶಿವವ್ವನ ಚೂರು ಹಳೆ ಮೇಣಕ್ಕೇ ಬೀಳುವಂತೆ ನೋಡಿಕೊಳ್ಳಬೇಕೆಂದ. ಮುರ್ತುಜಾಸಾಬ, ಅದು ಹಾಗಲ್ಲ ಎಂದು ಹೇಳಲು ಬಾಯಿ ತೆರೆದ. ಹೊಳೆಪ್ಪನ ಹಿಂದೆ ಶಿವವ್ವ ಸೆರಗಿನಲ್ಲಿ ರಟ್ಟೆ ಮುಚ್ಚಿಕೊಂಡು ನಿಂತಿದ್ದಳು. ತೆರೆದ ಬಾಯಿಯನ್ನು ಏನಾದರೂ ಮಾಡಬೇಕಲ್ಲ, ನೋಡೋಣ ಎಂದ.

ಮರುದಿನ ಶಿವವ್ವನ ಬಾಟಲಿ ಅವನ ಮುಂದೆಯೇ ತೆರೆಯಿತು. ನಂಬರು ಇಪ್ಪತ್ತೆರಡು. ಹತ್ತು ಮಿಲಿಮೀಟರು. ಡಾಕ್ಟರ್ ಬಾಯಿ ಅದನ್ನು ಬೆಳಕಿಗೆ ಹಿಡಿದು, ಇಂಥ ಮಾಂಸ ರಾಳದಲ್ಲಿ ಇನ್ನೂ ತೆಳ್ಳಗೆ ಸೀಳಲು ಬಂದು ಸ್ಪಷ್ಟವಾಗಿ ಕಾಣುತ್ತದೆ ಎಂದು ರಾಳಕ್ಕೇ ಹಾಕಲು ಹೇಳಿದರು. ಮೇಣವೇ ಆಗಬಹುದಲ್ಲವೇ ಎಂದು ಅವನು ಕೇಳಬೇಕೆಂದುಕೊಂಡ. ಯಾಕೆ ಎಂದು ಅವರು ತಿರುಗಿ ಕೇಳಿದರೆ ಕೊಡಬೇಕಾದ ಉತ್ತರ ಮನಸ್ಸಿನಲ್ಲಿ ಆಡಿ ನೋಡಿ, ಮೊದಲ ಸ್ಪಿರಿಟ್ಟಿನ ಡಬ್ಬಿ ತೆರೆದ. ಸ್ಪಿರಿಟ್ಟಿನ ಡಬ್ಬಿಗಳೆಲ್ಲ ಮುಗಿದ ಮೇಲೆ ತನ್ನ ಕೈಯಿಂದಲೇ ರಾಳ ಎರೆದ.

ಸಂಜೆ ಹೊಳೆಪ್ಪ ಕೇಳಿದಾಗ, ಮೇಣದಲ್ಲಿ ಇನ್ನೂ ಸರದಿ ಬಂದಿಲ್ಲ ಎಂದು ಹೇಳಿದ. ಅಷ್ಟೇ ಸಾಕಾಯಿತು. ಹೊಳೆಪ್ಪ ನೇರವಾಗಿ ಪರಮಣ್ಣನ ಕೋಣೆಗೆ ಹೋದ. ಪರಮಣ್ಣ ವಸಾಹತಿನ ಕನ್ನಡ ಕೂಲಿಗಳಿಗೆಲ್ಲ ಅರ್ಜಿ ಬರೆದುಕೊಡುವ ಮನುಷ್ಯ. ನೀರಿಗೆ, ರೇಷನ್ ಕಾರ್ಡಿಗೆ, ಕಂಪನಿ ಬಸ್ಸಿನ ಸೀಟಿಗೆ ಅರ್ಜಿ ಬರೆದು ಬರೆದು ಅವನಿಗೆ ಅನ್ಯಾಯ ದೂರದಿಂದಲೇ ಕಾಣುತ್ತಿತ್ತು.

"ಹೊಸಾದನ್ನ ಮೊದ್ಲ ನಮ್ಮವ್ರ ಮ್ಯಾಲೆ ಹಾಕಿ ನೋಡ್ತಾರ," ಎಂದ ಪರಮಣ್ಣ. "ಮೇಣ ಇಲ್ಲಿಯವ್ರಿಗೆ, ರಾಳ ನಮಗ. ಇದು ನಡಿಯೂದಿಲ್ಲ."

ಎರಡು ದಿನ ಬಿಟ್ಟು ಬೆಳಿಗ್ಗೆ ಹತ್ತು ಗಂಟೆಗೆ ಮಾಳಿಗೆಯ ಮೆಟ್ಟಿಲ ಮೇಲೆ ಸಪ್ಪಳವಾಯಿತು. ಪರಮಣ್ಣ ಮುಂದೆ, ಕೈಯಲ್ಲಿ ಎರಡು ಪುಟದ ಅರ್ಜಿ. ಹಿಂದೆ ಹೊಳೆಪ್ಪ, ಅವನ ಹಿಂದೆ ಗಾಜಿನ ಬಳೆ, ಕನ್ನಡಿ ಹೊಲಿದ ರವಿಕೆ ಸಮೇತ ಮಂಗಿಬಾಯಿ. ಅವರು ಡಾಕ್ಟರಸಾಬರ ಮಾಳಿಗೆ ಎಂದು ಕೇಳಿಕೊಂಡು ಬಂದಿದ್ದರು, ಡಾಕ್ಟರಸಾಬರು ಸೊಂಟಕ್ಕೆ ಅರಿವೆ ಕಟ್ಟಿಕೊಂಡು ನೆಲಕ್ಕೆ ಬಿದ್ದ ಮೇಣ ಕೆರೆಯುತ್ತಿದ್ದರು. ಮೂವರೂ ಅದನ್ನು ಕಂಡರು. ಮೂವರೂ ಕಾಣದವರಂತೆ ಗೋಡೆಯ ಗಡಿಯಾರ ನೋಡಿದರು. ಉತ್ತರ ಕರ್ನಾಟಕದವರ ಮರ್ಯಾದೆ ದೊಡ್ಡದು.

ಪರಮಣ್ಣ ಅರ್ಜಿಯನ್ನು ಗಟ್ಟಿಯಾಗಿ ಕನ್ನಡದಲ್ಲಿ ಓದಿದ. ಶ್ರೀಮತಿ ಶಿವವ್ವ ಕೋಂ ಹೊಳೆಪ್ಪ ಇವರ ಮಾಂಸವನ್ನು ಸ್ಥಳೀಯರ ಮಾಂಸಕ್ಕೆ ಸರಿಸಮಾನವಾಗಿ ನಡೆಸಿಕೊಳ್ಳಬೇಕಾಗಿಯೂ, ಕುಗ್ಗುವ ಹಕ್ಕಿನಿಂದ ಅದನ್ನು ವಂಚಿಸಬಾರದಾಗಿಯೂ ಅದರಲ್ಲಿ ಕೇಳಿಕೊಳ್ಳಲಾಗಿತ್ತು. ಕನ್ನಡ ಬಾರದ ಡಾಕ್ಟರ್ ಬಾಯಿ ಪೂರ್ತಿ ಕೇಳಿ, ಅರ್ಜಿಯ ಉದ್ದಕ್ಕೆ ಸ್ವಲ್ಪ ಗಾಬರಿಯಾಗಿ ಮುರ್ತುಜಾಸಾಬನ ಕಡೆ ತಿರುಗಿದರು.

"ಕಿತೆಂ ಮ್ಹಣ್ತಾತ ತೆ?"

ಅವರು ಏನು ಹೇಳುತ್ತಿದ್ದಾರೆ ಎಂಬುದು ಪ್ರಶ್ನೆ. ಮುರ್ತುಜಾಸಾಬ ಎರಡು ಪುಟವನ್ನು ಮನಸ್ಸಿನಲ್ಲಿ ಮಡಚಿದ. ವರದಿ ಯಾವಾಗ ಬರುತ್ತದೆ ಎಂದು ಕೇಳುತ್ತಿದ್ದಾರೆ ಎಂದ. ಬುಧವಾರ ಎಂದರು ಡಾಕ್ಟರ್ ಬಾಯಿ, ಮತ್ತು ಇಷ್ಟು ಕಾಳಜಿ ಮಾಡುವ ಜನ ಅಪರೂಪ ಎಂದು ಸೇರಿಸಿದರು. ಮೂವರೂ ಈಗ ಅವನ ಬಾಯಿಯನ್ನೇ ನೋಡುತ್ತಿದ್ದರು.

"ಮೇಣದಾಗ ಹಾಕಿ ಆಗೇತಿ ಅಂತ ಹೇಳಾಕತ್ತಾರ," ಎಂದ ಮುರ್ತುಜಾಸಾಬ.

ಪರಮಣ್ಣ ಅರ್ಜಿಯ ನಕಲಿಗೆ ಸಹಿ ಕೇಳಿದ. ಡಾಕ್ಟರ್ ಬಾಯಿ ನಗುತ್ತ ಸಹಿ ಹಾಕಿದರು. ಗೋವೆಯಲ್ಲಿ ಪರಮಣ್ಣನ ಅರ್ಜಿಯೊಂದು ಹೀಗೆ ನಿಂತಲ್ಲೇ ಮಂಜೂರಾದದ್ದು ಅದೇ ಮೊದಲು. ಇಳಿಯುವಾಗ ಅವನ ಹೆಜ್ಜೆಯೇ ಬೇರೆಯಾಗಿತ್ತು.

ಅಂದಿನಿಂದ ಮಂಗಿಬಾಯಿ ಅಳತೆ ಶುರುಮಾಡಿದಳು. ದಿನಾ ಬೆಳಿಗ್ಗೆ ಗಂಟು ಸೇರಿಸಿ ಶಿವವ್ವನ ರಟ್ಟೆಗೆ ಒಂದು ಕರಿದಾರ ಸುತ್ತಿ, ಕೂಡಿದಲ್ಲಿ ಕತ್ತರಿಸಿ, ಬಾಗಿಲ ಚೌಕಟ್ಟಿನ ಮೊಳೆಗೆ ತೂಗುಹಾಕುವುದು. ಎರಡನೆಯ ದಿನದ ದಾರ ಮೊದಲನೆಯದಕ್ಕಿಂತ ಬೆರಳಗಲ ಗಿಡ್ಡವಿತ್ತು. ಮೂರನೆಯದು ಇನ್ನೂ ಗಿಡ್ಡ. ಕೆಲಸಕ್ಕೆ ಹೋಗುವ ಗಂಡಸರು ಬಾಗಿಲ ಮುಂದೆ ನಿಂತು ದಾರಗಳನ್ನು ನೋಡಿ ಮುಂದೆ ಹೋಗುತ್ತಿದ್ದರು. ಮಡ್ಕಯಿ ಊರಿನಿಂದಲೂ ಒಬ್ಬ ಮೊಣಕಾಲಿನ ಗಂಟು ತೋರಿಸಿಕೊಂಡು ಹೋಗಲು ಬಂದ. ಮುರ್ತುಜಾಸಾಬ ಹಿಂಬಾಗಿಲಿಂದ ಒಳಗೆ ಬಂದು, ಅವನು ಹೋಗುವ ತನಕ ಗೋಡೆಗೆ ಮುಖ ಮಾಡಿ ಮಲಗಿದ್ದ. ದಸ್ತಗೀರಬಿ, ಡಾಕ್ಟರರು ನಮಾಜಿಗೆ ಹೋಗಿದ್ದಾರೆ ಎಂದು ಹೇಳಿ ಕಳಿಸಿ, ಆಮೇಲೆ ಗಂಡನನ್ನು ನಿಜವಾಗಿಯೇ ನಮಾಜಿಗೆ ಕಳಿಸಿದಳು.

ಬುಧವಾರ ವರದಿ ಬಂತು. ಕ್ಯಾನ್ಸರಿನಂಥ ಮಾರಿಬೇನೆಯಲ್ಲ. ಆದರೆ ಗಂಟು ಒಳಗೆ ನರದ ಕಡೆ ಬೆಳೆಯುತ್ತಿದೆ, ತಡಮಾಡಿದರೆ ಬೆರಳುಗಳ ಶಕ್ತಿ ಹೋದೀತು, ಕೂಡಲೇ ತೆಗೆಯಬೇಕು. ಆಸ್ಪತ್ರೆಯವರು ಸೋಮವಾರ ಬರಲು ಹೇಳಿದರು. ವಹಿಯಲ್ಲಿ ನಂಬರು ಇಪ್ಪತ್ತೆರಡರ ಮುಂದೆ ಮುರ್ತುಜಾಸಾಬ ಬರೆದದ್ದು: ಹೋದದ್ದು ಹತ್ತು, ಬಂದದ್ದು ಹತ್ತು. ಈ ಸಲ ಅದು ಖರೇ ಅಳತೆಯಾಗಿತ್ತು.

ಆದರೆ ಸೋಮವಾರ ಹೋಗುವ ಮಾತನ್ನು ಹೊಳೆಪ್ಪ ಎತ್ತಲೇ ಇಲ್ಲ. ತಾನೇ ಕರಗುತ್ತಿರುವುದನ್ನು ಯಾರಾದರೂ ಕೊಯ್ಯಿಸುತ್ತಾರೆಯೇ ಎಂದ. ಇನ್ನು ಹದಿನೈದು ದಿನ ಹೀಗೇ ಇಳಿದರೆ ಗಂಟು ಎಲ್ಲಿರುತ್ತದೆ ಎಂದು ಪರಮಣ್ಣ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದ್ದ. ಆ ಲೆಕ್ಕದ ಪ್ರಕಾರ ಗಂಟಿನ ಜೊತೆ ರಟ್ಟೆಯೂ ಮಾಯವಾಗಬೇಕಿತ್ತು, ಅದನ್ನು ಮಾತ್ರ ಯಾರೂ ಗಮನಿಸಲಿಲ್ಲ.

ರವಿವಾರ ಮಧ್ಯಾಹ್ನ ಮುರ್ತುಜಾಸಾಬ ಶಿವವ್ವನ ಬಾಗಿಲಿಗೆ ಹೋದ. ಮೊಳೆಯ ಮೇಲೆ ದಾರಗಳು ಮೆಟ್ಟಿಲಿನ ಹಾಗೆ ಇಳಿದಿದ್ದವು. ಶಿವವ್ವ ಹೊಸ್ತಿಲ ಒಳಗೆ ಕೂತಿದ್ದಳು, ಎದುರಿಗೆ ಮಂಗಿಬಾಯಿ. ಅಂದಿನ ದಾರವನ್ನು ಕತ್ತರಿಸದೆ ಗಂಟಿನ ಮೇಲೆಯೇ ಬಿಗಿದು ಕಟ್ಟಿ ಬಿಟ್ಟಿದ್ದರು, ಒಂದು ರಾತ್ರಿ ಇದ್ದರೆ ಬೇಗ ಇಳಿದೀತೆಂದು. ದಾರ ಮಾಂಸದೊಳಗೆ ಕೂತಿತ್ತು. ಕೆಳಗೆ ಅಂಗೈ ಊದಿ, ಬೆರಳುಗಳು ನೇರಳೆ ಬಣ್ಣಕ್ಕೆ ತಿರುಗಿದ್ದವು.

ಮುರ್ತುಜಾಸಾಬ ದಾರಗಳನ್ನು ನೋಡಿದ. ಮಂಗಿಬಾಯಿ ಸುಳ್ಳು ಹೇಳುವ ಹೆಂಗಸಲ್ಲ. ದಿನಾ ಒಂದಿಷ್ಟು ಹೆಚ್ಚು ಬಿಗಿಯಾಗಿ ಎಳೆದಿದ್ದಳು, ಅಷ್ಟೆ, ಕಡಿಮೆ ಬರಲೇಬೇಕೆಂದು. ಹನ್ನೊಂದು ದಿನ ತಾನು ಹದಿನಾರನ್ನು ಇಪ್ಪತ್ತು ಮಾಡಿದ್ದೂ ಹಾಗೆಯೇ. ಗೂಟದಲ್ಲಿದ್ದ ಕತ್ತರಿ ತೆಗೆದುಕೊಂಡು, ಯಾರ ಅಪ್ಪಣೆಯೂ ಇಲ್ಲದೆ, ಶಿವವ್ವನ ರಟ್ಟೆಯ ದಾರ ಕತ್ತರಿಸಿದ. ಬೆರಳುಗಳಿಗೆ ಮೆಲ್ಲಗೆ ಬಣ್ಣ ಬಂತು. ದಾರವಿದ್ದಲ್ಲಿ ಒಂದು ಕಾಲುವೆ ಉಳಿಯಿತು, ಅದರ ಎರಡೂ ಕಡೆ ಗಂಟು ಮೊದಲಿನಷ್ಟೇ ಎದ್ದು ಕೂತಿತು.

ಹೊಳೆಪ್ಪ ಬಂದ, ಪರಮಣ್ಣ ಬಂದ, ಯಾಕೂಬ ನಳದಿಂದ ಕೊಡ ಹೊತ್ತೇ ಬಂದ. ಶಿವವ್ವ ರಟ್ಟೆ ನೋಡಿಕೊಂಡು ಕೇಳಿದಳು:

"ಖರೇ ಹೇಳ್ರಿ ಅಣ್ಣಾ. ಸಣ್ಣದಾಗೇತಿಲ್ಲ?"

ಇಲ್ಲ ಎಂದರೆ ಅವಳು ಇನ್ನು ಯಾವ ಡಾಕ್ಟರನನ್ನೂ ನಂಬಳು, ಸೋಮವಾರ ಆಸ್ಪತ್ರೆಯ ಕಡೆ ತಲೆ ಹಾಕಿಯೂ ಮಲಗಳು. ಹೌದು ಎಂದರೆ ಹೋಗಬೇಕಾದದ್ದೇ ಇಲ್ಲ. ಮುರ್ತುಜಾಸಾಬ ಗೂಟಕ್ಕೆ ಕತ್ತರಿ ತೂಗುಹಾಕಿದ. ಅದು ಎರಡು ಸಲ ಜಾರಿ ಬಿತ್ತು. ಮೂರನೆಯ ಸಲ ನಿಂತಿತು.

"ಮೇಣದ ಪಾಲು ಐದರಾಗ ಒಂದ ನೋಡವ್ವಾ," ಎಂದ. "ಅದಕ್ಕ ಅಷ್ಟ ಹಕ್ಕು. ಅಲ್ಲಿಗೆ ಹೆಪ್ಪಗಟ್ಟತೈತಿ, ಮುಂದ ಕೂದಲಷ್ಟೂ ಇಳಿಯೂದಿಲ್ಲ. ಉಳದ ನಾಕು ಪಾಲು ಆಸ್ಪತ್ರಿಯವ್ರದು. ಅದನ್ನ ಅವ್ರ ತಗೀಬೇಕು."

ಮಂಗಿಬಾಯಿ ಮೊಳೆಯ ದಾರಗಳನ್ನು ಒಂದೊಂದಾಗಿ ಎತ್ತಿ ಹಿಡಿದು ನೋಡಿದಳು. ಮೊದಲಿನದಕ್ಕೂ ಕೊನೆಯದಕ್ಕೂ ಹೆಚ್ಚುಕಡಿಮೆ ಐದರಲ್ಲೊಂದು ಪಾಲಿನ ಅಂತರವೇ ಇತ್ತು. ಇಂಥದ್ದನ್ನು ಯಾರೂ ಬೇಕೆಂದು ಮಾಡಲಾರರು. ಸಾಬರು ಹೇಳಿದ್ದು ಖರೇ, ಮೇಣದ ಪಾಲು ಮುಗಿಯಿತು ಎಂದಳು ಆಕೆ. ಆಕೆ ಒಪ್ಪಿದ ಮೇಲೆ ಆ ಸಾಲಿನಲ್ಲಿ ಮೇಲ್ಮನವಿ ಇರಲಿಲ್ಲ. ಪರಮಣ್ಣ, ಹಾಗಾದರೆ ಉಳಿದ ನಾಲ್ಕು ಪಾಲಿಗೆ ಆಸ್ಪತ್ರೆಯವರಿಗೆ ಒಂದು ಅರ್ಜಿ ಬೇಕಾಗುತ್ತದೆ ಎಂದು ಪೆನ್ನು ತೆಗೆದ. ಯಾಕೂಬ, ಅತ್ತೆಯ ಫೋಟೊದಲ್ಲಿ ಐದರಲ್ಲೊಂದು ಪಾಲು ಇಳಿದರೆ ತನಗೆ ಸಾಲದು ಎಂದು ಆ ವಿಚಾರವನ್ನು ಅಲ್ಲಿಗೇ ಕೈಬಿಟ್ಟ.

ಸೋಮವಾರ ಶಿವವ್ವ ಅರ್ಜಿ ಸಮೇತ ಆಸ್ಪತ್ರೆಗೆ ಹೋದಳು. ಗಂಟು ಪೂರ್ತಿ ಬಂತು. ದೀಪಾವಳಿ ಕಳೆದ ಮೇಲೆ ಅವಳು ಮತ್ತೆ ಗೋಡಂಬಿಗೆ ಹೋಗತೊಡಗಿದಳು, ಹತ್ತೂ ಬೆರಳು ಮೊದಲಿನ ಹಾಗೆಯೇ ಆಡುತ್ತಿದ್ದವು. ಡಾಕ್ಟರ್ ಬಾಯಿ ಮೇಣ ಮತ್ತು ರಾಳದ ಲೆಕ್ಕ ಮುಗಿಸಿ ಎಲ್ಲಿಗೋ ಬರೆದು ಕಳಿಸಿದರು. ಅದರ ಕೆಳಗೆ ಅಳತೆಯಲ್ಲಿ ನೆರವಾದವನೆಂದು ಮುರ್ತುಜಾಸಾಬನ ಹೆಸರೂ ಇತ್ತು. ಅವನು ಕೋಟನ್ನು ಮಾಳಿಗೆಯ ಗೂಟಕ್ಕೇ ಬಿಟ್ಟು ಬರಲು ಶುರುಮಾಡಿದ. ಜನ ಅವನನ್ನು ಡಾಕ್ಟರಸಾಬ ಅನ್ನುವುದನ್ನು ಬಿಡಲಿಲ್ಲ. ಕೋಟು ಇಲ್ಲದ್ದರಿಂದ ದೊಡ್ಡ ಡಾಕ್ಟರನಾದನೆಂದು ತಿಳಿದರು.

ಪ್ರತಿ ವರ್ಷ ಗೋಡಂಬಿಯ ಹಂಗಾಮಿನಲ್ಲಿ ಶಿವವ್ವ ಒಂದು ಡಬ್ಬಿ ಬೀಜ ತಂದು ದಸ್ತಗೀರಬಿಯ ಕೈಗೆ ಕೊಡುತ್ತಿದ್ದಳು. ಹೊಸ್ತಿಲಲ್ಲಿ ಕೂತು, ತನ್ನ ತುಣುಕು ಇನ್ನೂ ಅಲ್ಲಿ ಐತೇನು ಎಂದು ಕೇಳುತ್ತಿದ್ದಳು. ಕಪಾಟಿನಲ್ಲಿದೆ, ನಂಬರು ಇಪ್ಪತ್ತೆರಡು ಎಂದು ಮುರ್ತುಜಾಸಾಬ ಹೇಳುತ್ತಿದ್ದ. ಮೇಣಕ್ಕೆ ಬಿಸಿಲು ತಾಗದಂತೆ ನೋಡಿಕೊಳ್ಳಬೇಕೆಂದು ಅವಳು ಹೇಳಿ ಏಳುತ್ತಿದ್ದಳು.

ಆ ತುಣುಕು ಮೇಣವನ್ನು ಮುಟ್ಟಿಯೇ ಇರಲಿಲ್ಲ ಎಂದು ಅವನು ಅವಳಿಗೆ ಹೇಳಲಿಲ್ಲ.